ಎಲ್ಲಾ ಆನ್‌ಲೈನೇ ಅಲ್ವೇನಮ್ಮ!

“ಸ್ಕಾಲರ್‌ಶಿಪ್ ಬಂದಿಲ್ಲ ಸಾರ್.”

“ಆಧಾರ್ ಸೀಡಿಂಗ್ ಆಗಿದೆಯೇನಮ್ಮ?”

“ಲಿಂಕ್ ಆಗಿದೆ ಸಾರ್.”

“ಲಿಂಕೇ ಬೇರೆ, ಸೀಡಿಂಗೇ ಬೇರೆ. ಮನೇಲಿ ಓದಿದೋರನ್ನ ಕೇಳು.”

“ಓದಿರೋದು ನಾನೇ ಸಾರ್.”

ಈ ಉತ್ತರಕ್ಕೆ ಕೌಂಟರಿನಲ್ಲಿ ಸೀಲಿಲ್ಲ. ಎಷ್ಟು ಖಾತೆ ಲಿಂಕಾಗಿದ್ದರೂ ದುಡ್ಡು ಬೀಳುವುದು ಸೀಡಿಂಗ್ ಆಗಿ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿರುವ ಒಂದಕ್ಕೇ. ಪದವೀಧರ ಅಪ್ಪನಿದ್ದವನಿಗೆ ಇದು ಊಟದ ಹೊತ್ತಿಗೇ ತಿಳಿಯುತ್ತದೆ. ಈಕೆಗೆ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟರೂ ಅರ್ಧವೇ. ಶುಲ್ಕ ರಿಯಾಯಿತಿ ಸಾಲದೇ ಎನ್ನಬಹುದು. ತಮಿಳುನಾಡು 2010-11ರಿಂದ ಮನೆಯ ಮೊದಲ ಪದವೀಧರರಿಗೆ ವೃತ್ತಿಪರ ಕೋರ್ಸುಗಳಲ್ಲಿ ಅದನ್ನು ಕೊಡುತ್ತಿದೆ. ಅದಕ್ಕೂ, ಮನೆಯಲ್ಲಿ ಯಾರೂ ಪದವಿ ಓದಿಲ್ಲವೆಂಬುದಕ್ಕೆ, ಪ್ರಮಾಣಪತ್ರ ಬೇಕು! ದುಡ್ಡಿನಷ್ಟೇ ದಾರಿ ತೋರುವವರೂ ಬೇಕು. “ಕೈಹಿಡಿದು ನಡೆಸಿದರೆ ಸ್ವಾವಲಂಬನೆ ಬಂದೀತೇ?” ಎನ್ನುತ್ತಾರೆ ಪ್ರಾಂಶುಪಾಲರು. ಮಗಳ ಸಿಇಟಿ ಆಪ್ಷನ್ ಎಂಟ್ರಿಗೆ ರಜೆ ಹಾಕಿ ಕೂತವರು ಅವರೇ.