ಅರ್ಥಿಂಗ್ ಕಾಕಾ

ಮಿಕ್ಸರ್ ತಿರುಗದಿದ್ದರೆ ಅರ್ಥಿಂಗ್, ಟಿವಿಯಲ್ಲಿ ಗೆರೆ ಮೂಡಿದರೆ ಅರ್ಥಿಂಗ್, ಅತ್ತೆ-ಸೊಸೆಗೆ ಹೊಂದದಿದ್ದರೂ ಎಲ್ಲೋ ಅರ್ಥಿಂಗ್ ಬಿಟ್ಟಿದೆ. ಇಳಕಲ್ಲಿನ ನಮ್ಮ ಓಣಿಯ ಕಾಕಾಗೆ ಇದೊಂದು ರೋಗ ಬಿಟ್ಟರೆ ಬೇರೆ ಗೊತ್ತಿಲ್ಲ. ಇಂಥವರು ಬಾಗಲಕೋಟೆಯ ನವನಗರದಲ್ಲಿ ಸೆಕ್ಟರಿಗೊಬ್ಬರು ಸಿಗುತ್ತಾರೆ, ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತಾರೆ. ಆದರೆ ಅವರು ಹೊಲದ ಪಂಪ್‌ಸೆಟ್ ನೋಡಿದವರು, ನಮ್ಮ ಕಾಕಾ ವಿಮಾನ ನೋಡಿದವರು. ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುವ ಸರ್ಕಾರಿ ಶಾಲೆ ಇದೆಯಲ್ಲ, ಆ ಕಡೆ ಪುಟ್ಟ ವಿಮಾನಗಳ ವೈರು ಬಿಗಿಯುತ್ತ ಅರ್ಧ ಆಯುಷ್ಯ ಕಳೆದು ಊರಿಗೆ ಮರಳಿದವರು.

“ಪೈಲಟ್ ಮೈಕಿನ ಗುಂಡಿ ಒತ್ತಿದಾ, ಪೆಟ್ರೋಲ್ ಮುಳ್ಳು ಪಟ್ಟನ ಮ್ಯಾಲ ಹೋತು. ಬಿಟ್ಟಾ, ಇಳೀತು. ಮಾತಾಡಿದ್ರ ಟಾಕಿ ತುಂಬತೈತಿ ಅಂದ್ರ ನಮ್ಮ ಪುಢಾರಿಗಳು ಪಂಪಿಗೆ ಹೋಗೂದ ಬ್ಯಾಡ!”

ಈ ಕತೆ ಓಣಿಯ ಮಕ್ಕಳಿಗೂ ಬಾಯಿಪಾಠ. ಆದರೂ ಕಾಕಾ ಮುಂದಿನದನ್ನು ಬಿಡುವವರಲ್ಲ. ವಿಮಾನದ ರೇಡಿಯೋ ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಆಂಟೆನಾ ಕೇಬಲ್ಲಿನ ತುದಿ ಸಡಿಲಾಗಿ, ಅದರ ತಂತಿಜಾಳಿಗೆ ಹರಿದಿದ್ದರೆ, ಹೊರಗೆ ಹೋಗಬೇಕಾದ ಶಕ್ತಿ ಒಳಗೇ ಸೋರಿ ಟಾಕಿಯ ವೈರಿಗೆ ಹತ್ತಿ ಮುಳ್ಳನ್ನು ಕುಣಿಸುತ್ತದೆ. ಜೋಡಣೆಯನ್ನು ಕೆರೆದು ಬಿಗಿದು, ಎರಡೂ ವೈರುಗಳನ್ನು ಮುನಿದ ಬೀಗರಂತೆ ದೂರದೂರ ಮಲಗಿಸಿದರೆ ಮುಳ್ಳು ಸುಮ್ಮನಾಗುತ್ತದೆ.

ಹೆಡ್‌ಫೋನಿನ ಸದ್ದಿಗೂ ಜಾತಿಗಳುಂಟು. ಎಂಜಿನ್ ವೇಗದ ಜೊತೆ ಕುಂಯ್ ಎಂದು ಏರಿಳಿದರೆ ಆಲ್ಟರ್ನೇಟರ್, ಟಕಟಕ ಎಂದರೆ ಮ್ಯಾಗ್ನೆಟೋ, ರೆಕ್ಕೆ ತುದಿಯ ಮಿಂಚುದೀಪಕ್ಕೆ ಸರಿಯಾಗಿ ತಾಳ ಹಾಕಿದರೆ ಆ ದೀಪವೇ ಕಳ್ಳ. ಒಂದೊಂದನ್ನೇ ಬಂದ್ ಮಾಡುತ್ತ ಹೋಗಬೇಕು. “ಇದನ್ನ ನೆಲದ ಮ್ಯಾಲ ಮಾಡಬೇಕಪಾ,” ಎಂದು ಸೇರಿಸುತ್ತಾರೆ, ನಾವೆಲ್ಲ ನಾಳೆಯೇ ಹಾರಲು ಹೊರಟವರು ಎಂಬಂತೆ.

ಒಮ್ಮೆ ಪುಷ್ಪಕ್ ವಿಮಾನದ ಮಾತು ಬಂತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಈ ಎರಡಾಳಿನ ವಿಮಾನದ ಮೈಗೆ ಬಟ್ಟೆಯ ಹೊದಿಕೆ. ಆಂಟೆನಾ ಕೆಳಗೆ ಲೋಹ ಬೇಕು, ಬಟ್ಟೆಯಲ್ಲಿ ಅದೆಲ್ಲಿ ಬಂತು, ತಗಡು ಕೂರಿಸಬೇಕು ಎಂದು ಕಾಕಾ ವಿವರಿಸತೊಡಗಿದ್ದರು. ಸೀರೆ ನೇಯುವವರ ಓಣಿ ಕೇಳಬೇಕೆ?

“ಕಾಕಾ, ದಡಿ ಯಾವ್ದರಿ? ಗೋಮಿನೋ, ಪರಾಸಪೇಟೋ?”

ಎರಡು ದಿನ ಕಾಕಾ ಯಾರ ಮನೆಯ ಫ್ಯೂಜನ್ನೂ ಕಟ್ಟಲಿಲ್ಲ.

ಚುನಾವಣೆಯಲ್ಲಿ ಹುನಗುಂದಕ್ಕೆ ಹೆಲಿಕಾಪ್ಟರ್ ಬಂದಾಗ ಜನ ನಾಯಕರತ್ತ ನುಗ್ಗಿದರೆ ಇವರು ಪೈಲಟ್ಟಿನತ್ತ ನುಗ್ಗಿದರು. ಹಗ್ಗದಾಚೆಯಿಂದಲೇ, “ಸಾಹೇಬ್ರ, ಮೊಬೈಲ್ ದಿಕ್ಸೂಚಿ ಬಾಜೂಕ ಇಡಬ್ಯಾಡ್ರಿ, ಉತ್ತರ ತಪ್ಪತೈತಿ!” ಮೊಬೈಲಿನ ಸ್ಪೀಕರಿನಲ್ಲಿ ಅಯಸ್ಕಾಂತ ಇರುವುದರಿಂದ ಮಾತೇನೋ ನಿಜ. ಪೊಲೀಸಪ್ಪ ರಟ್ಟೆ ಹಿಡಿದು ದಕ್ಷಿಣ ತೋರಿಸಿದ. ಅಂದು ನಾಯಕರು ಏನು ಭಾಷಣ ಮಾಡಿದರೋ ಕಾಕಾ ಹೇಳಲಾರರು. ಮೈಕು ಹುಂ ಎನ್ನುತ್ತಿದ್ದದ್ದು ಮಾತ್ರ ನೆನಪಿದೆ.

ಈಚೆಗೆ ಅವರದೇ ರೇಡಿಯೋ ಗುರುಗುಟ್ಟತೊಡಗಿತು. ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ವಾರ್ತೆಯ ಹೊತ್ತು. ಕಾಕಾ ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು ಜಕ್ಕೂರಿನ ಪದ್ಧತಿಯಂತೆ ಓಣಿಗಿಳಿದರು. ಪವರ್‌ಲೂಮ್ ಬಂದ್. ಸದ್ದು ಇದ್ದೇ ಇದೆ. ಹಿಟ್ಟಿನ ಗಿರಣಿ ಬಂದ್. ಜೋಳದ ಡಬ್ಬಿ ಇಟ್ಟು ಕೂತಿದ್ದ ಹೆಂಗಸರು ಕಾಕಾನ ಏಳು ತಲೆಮಾರನ್ನು ನೆನೆದರು. ಸದ್ದು ಇನ್ನೂ ಇದೆ. ಕೊನೆಗೆ ಎದುರುಮನೆಯ ಜಗಲಿಯಲ್ಲಿ ಟ್ರಾನ್ಸಿಸ್ಟರು ಅರಚಿಕೊಂಡಿತು. ಒಳಗೆ ದೇವರ ಫೋಟೋಕ್ಕೆ ಸುತ್ತಿದ ಎಲ್‌ಇಡಿ ಸರ! ಅಗ್ಗದ ಎಲ್‌ಇಡಿಯ ಒಳಗಿನ ಸರ್ಕ್ಯೂಟು ಹೀಗೆ ರೇಡಿಯೋ ಕೆಡಿಸುವುದುಂಟು. ಪತ್ತೆ ನೂರಕ್ಕೆ ನೂರು ಸರಿ.

“ಆಯಿ, ಇದನ್ನಷ್ಟ ಬಂದ್ ಮಾಡ್ರಿ.”

“ದೇವರ ದೀಪಾ ಆರಸಾಕ ಬಂದೀಯೇನೋ, ಭಾಡ್ಯಾ!”

ಅಲ್ಲಿಗೆ ರಿಪೇರಿ ಮುಗಿಯಿತು, ಗುರುಗುರು ಮುಗಿಯಲಿಲ್ಲ. ಮೊಮ್ಮಗಳು ಕನಿಕರಪಟ್ಟು ಮೊಬೈಲಿನಲ್ಲೇ ಧಾರವಾಡ ಹಚ್ಚಿ ಮುಂದಿಟ್ಟಳು. ಒಂದು ಚೂರೂ ಕರಕರ ಇಲ್ಲ, ಕೈ ಹಾಕಲು ಏನೂ ಇಲ್ಲ. ಕಾಕಾ ಮುಖ ಸಣ್ಣದು ಮಾಡಿಕೊಂಡು ಒಂದು ಕಿವಿಗೆ ಮೊಬೈಲು, ಇನ್ನೊಂದಕ್ಕೆ ಟ್ರಾನ್ಸಿಸ್ಟರು ಹಿಡಿದರು. ಇಂಟರ್‌ನೆಟ್ಟಿನಲ್ಲಿ ಬರುವ ಬಾನುಲಿ ತುಸು ತಡವಾಗಿಯೇ ಬರುತ್ತದೆ. ಟ್ರಾನ್ಸಿಸ್ಟರು ಗುರುಗುಟ್ಟುತ್ತಲೇ ವಾರ್ತೆ ಶುರು ಮಾಡಿತ್ತು, ಮೊಬೈಲಿನಲ್ಲಿ ಇನ್ನೂ ಜಾಹೀರಾತು.

ಕಾಕಾನ ಮುಖ ಅರಳಿತು. “ನೋಡಿದೇನವಾ? ನಿನ್ನ ಫೋನಿಗೆ ಅರ್ಥಿಂಗ ಇಲ್ಲ!”