ಮೊಬೈಲ್ ಗೂಢಚರ್ಯ ಮೀಮಾಂಸೆ (ಸೋಮನಹಳ್ಳಿ ಪಾಠ)

ಶಾಸ್ತ್ರಗ್ರಂಥಕ್ಕೆ ಮೊದಲು ಮಂಗಳಾಚರಣೆ ಇರಬೇಕು. ನಮ್ಮ ಮನೆಯಲ್ಲಿ ಆ ಜಾಗದಲ್ಲಿ 'ನನ್ ಚಾರ್ಜರ್ ಯಾರ್ ತಗಂಡ್ರಿ?' ಎಂಬ ವಾಕ್ಯವೇ ಇರುವುದರಿಂದ ನೇರ ನಿರುಕ್ತಕ್ಕೆ ಬರುತ್ತೇನೆ. ಮೊಬೈಲ್ ಲ್ಯಾಟಿನ್ ಮೂಲದ ಪದವೆಂದು ಪಾಶ್ಚಾತ್ಯರ ಮತ. ಅವರು ಅದನ್ನು ಮದ್ದೂರು ಸೀಮೆಯವರ ಬಾಯಲ್ಲಿ ಕೇಳಿಲ್ಲ. ನಾವು ಅನ್ನುವುದು 'ಮೊಬೈಲು'. ಮೊಗ + ಬೈಲು. ಮೊಗವನ್ನು ಬೈಲಿಗೆ ತರುವಂಥದ್ದು ಎಂದು ವಿಗ್ರಹವಾಕ್ಯ. ನಡುವಿನ ಗಕಾರ ಎಲ್ಲಿ ಹೋಯಿತೆಂದು ಕೇಳುವವರು ಕೇಳುತ್ತಿರಲಿ.

ಕ್ಷೇತ್ರ ಸೋಮನಹಳ್ಳಿ. 1932ರಲ್ಲಿ ಇಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ಅವರು 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಯಾರ ಜಮೀನು ಎಷ್ಟು ಗುಂಟೆ ಎಂಬುದು ಒಂದು ಗುಂಡಿ ಒತ್ತಿದರೆ ಸಿಗುವಾಗ, ಅದೇ ಊರಿನ ನನಗೆ ಹತ್ತನೇ ಕ್ಲಾಸಿನ ಮಗ ರಾತ್ರಿ ಹನ್ನೊಂದರವರೆಗೆ ಏನು ನೋಡುತ್ತಾನೆಂಬುದು ಸಿಗದಿರುವುದೇ ಈ ಗ್ರಂಥಕ್ಕೆ ಪ್ರೇರಣೆ. ಮಗನ ಮೇಲೆ ಅನುಮಾನವಿಲ್ಲ, ಪೂರ್ತಿ ನಂಬಿಕೆ ಇದೆ. ಆ ನಂಬಿಕೆಯನ್ನು ಅವನಿಗೆ ಗೊತ್ತಾಗದ ಹಾಗೆ ದಿನಕ್ಕೊಂದು ಸಲ ಪರೀಕ್ಷೆ ಮಾಡಬೇಕು, ಅಷ್ಟೆ.

ಪೂರ್ವಾಚಾರ್ಯರನ್ನು ನೋಡೋಣ. ಮದ್ದೂರಲ್ಲಿ ರೈಲು ಹತ್ತಿದರೆ ಸಿಗುವ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಅರ್ಥಶಾಸ್ತ್ರದ ತಾಳೆಗರಿ ಬಿದ್ದದ್ದು, 1909ರಲ್ಲಿ ಅಚ್ಚಾಯಿತು. ಪಂಡಿತರು ಅದರಲ್ಲಿ ರಾಜ್ಯಾಡಳಿತ ಹುಡುಕಿದರು. ನಾನು ಮೊದಲ ಅಧಿಕರಣದ ಹದಿನೇಳನೇ ಅಧ್ಯಾಯಕ್ಕೆ ಹೋದೆ: ರಾಜಪುತ್ರರಿಂದ ರಾಜನನ್ನು ಕಾಪಾಡುವ ಬಗೆ. ರಾಜಪುತ್ರರು ಏಡಿಯ ಜಾತಿ, ಹೆತ್ತವರನ್ನೇ ತಿನ್ನುವವರು ಎಂದು ಭಾರದ್ವಾಜರ ಮತ. ಹುಡುಗನನ್ನು ತಾಯಿಯ ಕಡೆಯವರಲ್ಲಿ ಬಿಡಿ ಎಂದು ಕೌಣಪದಂತರ ಸಲಹೆ. ಬೇಸಿಗೆ ರಜಕ್ಕೆ ಮಳವಳ್ಳಿಗೆ ಬಿಟ್ಟೆ. ಅಲ್ಲಿ ಸೋದರಮಾವನ ಮನೆಯಲ್ಲಿ ವೈಫೈ ಇತ್ತು; ಕೌಣಪದಂತರ ಮತ ಅಲ್ಲಿಗೆ ಖಂಡಿತವಾಯಿತು. ಸುಖದಲ್ಲಿ ಮುಳುಗಿಸಿಟ್ಟರೆ ಮಕ್ಕಳು ಅಪ್ಪನ ತಂಟೆಗೆ ಬರುವುದಿಲ್ಲ ಎನ್ನುವವರು ವಾತವ್ಯಾಧಿ. ಕೂಸು ಅತ್ತರೆ ಕೈಗೆ ಫೋನು ಕೊಡುವವರೆಲ್ಲ ಇವರ ಶಿಷ್ಯಪರಂಪರೆ. ಹತ್ತು ವರ್ಷದ ಹಿಂದೆ ನಾನೂ ಆ ಮಠದಲ್ಲೇ ಇದ್ದೆ. ಆಂಭೀಯರು ಇನ್ನೂ ಜಾಣರು: ಒಬ್ಬ ಗೂಢಚರ ಆಸೆ ತೋರಿಸಬೇಕು, ಇನ್ನೊಬ್ಬ ಬೇಡವೆನ್ನಬೇಕು. ಇಲ್ಲಿ ಕೌಟಿಲ್ಯ ಗದರುತ್ತಾನೆ. ಗೊತ್ತಿಲ್ಲದವನಿಗೆ ಕೆಟ್ಟದ್ದನ್ನು ಗೊತ್ತುಮಾಡಿಸುವುದೇ ಮಹಾ ತಪ್ಪು, ಹೊಸ ವಸ್ತುವಿಗೆ ಏನು ಬಳಿದರೂ ಹೀರಿಕೊಳ್ಳುತ್ತದೆ ಎನ್ನುತ್ತಾನೆ. ಗೂಢಚರರ ಮೇಲೆಯೇ ಅಧ್ಯಾಯಗಟ್ಟಲೆ ಬರೆದವನ ಈ ಮಾತು ನನ್ನ ಸಿದ್ಧಾಂತಕ್ಕೆ ಅನುಕೂಲವಾಗಿಲ್ಲದ್ದರಿಂದ, ಇದನ್ನು ಪ್ರಕ್ಷಿಪ್ತವೆಂದು ಬದಿಗಿಟ್ಟಿದ್ದೇನೆ.

ಮೂವರು ಗೂಢಚರರು ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳಿದರೆ ನಂಬಬೇಕು, ಅವರಿಗೆ ಒಬ್ಬರ ಗುರುತು ಒಬ್ಬರಿಗೆ ಇರಬಾರದು ಎಂಬುದೂ ಅದೇ ಗ್ರಂಥದ ನಿಯಮ. ಒಬ್ಬರ ಗುರುತು ಒಬ್ಬರಿಗಿಲ್ಲದ ಮೂವರು ಸೋಮನಹಳ್ಳಿಯಲ್ಲಿ ಸಿಗಲಿಲ್ಲ. ನಮ್ಮವ್ವನನ್ನೇ ನೇಮಿಸಿದೆ. ಅವ್ವ ನೆಟ್ಟಗೆ ಹೋಗಿ, 'ಏನ್ಲಾ ಮಗಾ ನೋಡ್ತಿದ್ದೀಯೆ? ನಿಮ್ಮಪ್ಪ ಕೇಳ್ಕಂಡು ಬಾ ಅಂದ' ಎಂದಳು. ಅವನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಒಂದು ಗಂಟೆ ಇಬ್ಬರೂ ಅಲ್ಲಾಡಲಿಲ್ಲ. 'ಕಬ್ಬಿನ್ ಟ್ರ್ಯಾಕ್ಟ್ರು ಕಣ್ಲಾ, ಕೆಸ್ರಲ್ಲಿ ಊತೋಗದೆ, ಇನ್ನೊಂದು ಎಳೀತದೆ' ಎಂದು ವರದಿ ಬಂತು. ಗೂಢಚರ್ಯದ ಎಲ್ಲ ನಿಯಮ ಮುರಿದು ತಂದ ಮಾಹಿತಿಯಾದ್ದರಿಂದ ಇದನ್ನು ಪ್ರಮಾಣವೆಂದು ಸ್ವೀಕರಿಸಿಲ್ಲ.

ಇನ್ನು ಯಂತ್ರಪ್ರಮಾಣ. ಗೂಗಲ್‌ನವರು 2017ರಲ್ಲಿ ತಂದ ಫ್ಯಾಮಿಲಿ ಲಿಂಕ್‌ನಲ್ಲಿ ಅಪ್ಪನ ಫೋನಿನಿಂದಲೇ ಮಗನ ಫೋನಿಗೆ ಹೊತ್ತಿನ ಮಿತಿ ಹಾಕಬಹುದು. ಅದನ್ನು ಹಾಕಿಕೊಡಲು ಮನೆಯಲ್ಲಿ ಬರುತ್ತಿದ್ದದ್ದು ಮಗನೊಬ್ಬನಿಗೇ. ಪಾಸ್‌ವರ್ಡನ್ನೂ ಅವನೇ ಇಟ್ಟು, 'ಮರೀಬ್ಯಾಡ ಕಣಪ್ಪ' ಎಂದು ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟ. ಬೆಳಗಾವಿ ಹತ್ತಿರದ ಹಲಗಾದಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಎರಡು ಗಂಟೆ ಟಿವಿ, ಮೊಬೈಲು ಬಂದ್ ಮಾಡಿಸುವ ಪದ್ಧತಿ ತಂದರು. ಬಹಳ ಮೆಚ್ಚಿದ್ದೆ. ಅಪ್ಪಂದಿರದೂ ಬಂದ್ ಎಂದು ತಿಳಿದ ಮೇಲೆ ಅದು ಮಂಡ್ಯ ಜಿಲ್ಲೆಯ ಹವೆಗೆ ಒಗ್ಗದು ಎಂದು ತೀರ್ಮಾನಿಸಿದೆ.

ಪ್ರತಿವಾದಿ ಸುಮ್ಮನಿರಲಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದಾರೆ, ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನಲ್ಲೇ ಇದ್ದ ಕೆ.ಎಸ್. ಪುಟ್ಟಸ್ವಾಮಿಯವರು ಎಂದ. ನಾನು 2023ರ ದತ್ತಾಂಶ ಕಾಯ್ದೆ ಎತ್ತಿದೆ: ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. 'ಅದು ಕಂಪನಿಯೋರು ನಿನ್ನ ಕೇಳ್ಬೇಕು ಅಂತ ಕಣಪ್ಪ, ನೀನು ಕದ್ದು ನೋಡು ಅಂತಲ್ಲ.' ಹುಡುಗ ಸಮಾಜ ವಿಜ್ಞಾನದಲ್ಲಿ ಪಾಸಾಗುತ್ತಾನೆಂಬುದು ಆವತ್ತೇ ಖಾತ್ರಿಯಾಯಿತು.

ಉಳಿದದ್ದು ನನ್ನ ಸ್ವಂತ ಕೊಡುಗೆ: ಜಿಡ್ಡುಶಾಸ್ತ್ರ. ಒಂಬತ್ತು ಚುಕ್ಕಿಯ ಪ್ಯಾಟರ್ನ್ ಲಾಕಿನಲ್ಲಿ 3,89,112 ಬಗೆಯಲ್ಲಿ ಗೆರೆ ಎಳೆಯಬಹುದು. ಗಾಜಿನ ಮೇಲೆ ಉಳಿದ ಬೆರಳಿನ ಜಿಡ್ಡು ನೋಡಿಯೇ ಆ ಗೆರೆ ಹಿಡಿಯಬಹುದೆಂದು 2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ತೋರಿಸಿದರು. ಪಾಪ, ಅವರಿಗೆ ಮದ್ದೂರು ವಡೆ ಸಿಕ್ಕಿರಲಿಲ್ಲ. ನಾಲ್ಕು ಕಟ್ಟಿಸಿಕೊಂಡು ಬಂದೆ. ಮಗ ಎರಡು ತಿಂದ, ಕೈ ಒರೆಸಲಿಲ್ಲ, ಫೋನು ತೆರೆದು ಮುಚ್ಚಿ ಕಿಟಕಿಯ ಮೇಲಿಟ್ಟು ಮಲಗಿದ. ರಾತ್ರಿ ಹನ್ನೆರಡೂವರೆಗೆ ಎದ್ದು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದೆ. ಎಡಗಡೆಯಿಂದ ಇಳಿದು, ಬಲಕ್ಕೆ ತಿರುಗಿ, ಮೇಲಕ್ಕೆದ್ದ ಹೊಳೆಯುವ ಗೆರೆ. ಕೊನೆಯಲ್ಲಿ ಈರುಳ್ಳಿಯ ಒಂದು ಎಳೆ. ಹಾಗೇ ಎಳೆದೆ. ತಪ್ಪು ಎಂದಿತು. ಐದು ಸಲ ಎಳೆದ ಮೇಲೆ ಮೂವತ್ತು ಸೆಕೆಂಡು ಕಾಯಿರಿ ಎಂದಿತು. ಕಾದೆ.

ಬೆಳಿಗ್ಗೆ ತಿಂಡಿ ಹೊತ್ತಿಗೆ ಮಗ ಫೋನನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟ. ಆ ಗೆರೆಯನ್ನು ಅವನು ಬೇಕಂತಲೇ ಎಳೆದಿದ್ದನಂತೆ. ನಿಜವಾದ ಬೀಗ ಹೆಬ್ಬೆಟ್ಟಿನದು. ತಪ್ಪು ಗೆರೆ ಎಳೆದವರ ಪಟ ತೆಗೆಯುವ ಆ್ಯಪ್ ಕೂಡ ಇದೆಯಂತೆ. ಐದು ಪಟಗಳಿದ್ದವು: ಎರಡರಲ್ಲಿ ಮೂಗಿನ ಹೊಳ್ಳೆ, ಒಂದರಲ್ಲಿ ಬನಿಯನ್ನು, ಒಂದರಲ್ಲಿ ಹಣೆ. ಮೂರನೆಯದರಲ್ಲಿ ಮಾತ್ರ ಬಾಯಿ ಬಿಟ್ಟ ಇಡೀ ಮೊಗ, ಟ್ಯೂಬ್‌ಲೈಟ್ ಸಮೇತ. ನಿರುಕ್ತ ಸಿದ್ಧವಾಯಿತು.

ಆ ಮೂರನೆಯ ಪಟ ಈಗ ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಡಿಪಿ. ಹಾಕಿದವಳು ನಮ್ಮವ್ವ.