ಐಕಾನ್ ಹುಡುಕಿಕೊಡುವವರಿಗೆ ಒಂದು ಬಹಿರಂಗ ಪತ್ರ

ವೆಬ್‌ಸೈಟ್‌ಗಳಿಗೆ ಐಕಾನ್ ಹುಡುಕಿಕೊಡುವ ತಾಣಗಳನ್ನು ನಡೆಸುತ್ತಿರುವ ಮಾನ್ಯರಿಗೆ,

ಹಾಲು ಉತ್ಪಾದಕರ ಸಂಘ, ಪಂಚಾಯಿತಿ ಗ್ರಂಥಾಲಯ, ಸಣ್ಣ ಊರಿನ ನರ್ಸಿಂಗ್ ಹೋಮ್ ಇಂಥವರಿಗೆ ಕನ್ನಡದಲ್ಲಿ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ನಿಮ್ಮ ತಾಣಗಳಿಲ್ಲದೆ ನನ್ನ ದಿನ ಸಾಗುವುದಿಲ್ಲ. 2007ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಐಕಾನ್‌ಫೈಂಡರ್, 2010ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನೌನ್ ಪ್ರಾಜೆಕ್ಟ್, ಸ್ಪೇನಿನ ಫ್ಲಾಟಿಕಾನ್ ಬರುವ ಮೊದಲು ಒಂದು ಸರಿಯಾದ ಚಿತ್ರಕ್ಕಾಗಿ ಎಷ್ಟು ಜಾಲಾಡಬೇಕಿತ್ತು ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಆ ಋಣ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ನೀವು ನಿಮ್ಮನ್ನು ಅಳೆದುಕೊಳ್ಳುವುದು ಸಂಖ್ಯೆಯಿಂದ. ಮುಖಪುಟ ತೆರೆದರೆ ಮೊದಲು ಕಾಣುವುದೇ ಇಷ್ಟು ಲಕ್ಷ ಐಕಾನ್‌ಗಳಿವೆ ಎಂಬ ಘೋಷಣೆ. ನಾನು ಅಳೆಯುವುದು ಬೇರೆ ರೀತಿ. ಮನೆ, ಫೋನು, ಲಕೋಟೆ, ಭೂತಗನ್ನಡಿ ಯಾವ ತಾಣದಲ್ಲಾದರೂ ಸಿಗುತ್ತವೆ, ಅವುಗಳಿಂದ ಪರೀಕ್ಷೆ ಆಗುವುದಿಲ್ಲ. ಹೊಸ ತಾಣ ಕಂಡರೆ ನಾನು ಹುಡುಕುವ ಪದಗಳು ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕೊಳವೆಬಾವಿ, ಪಹಣಿ, ಹಾಲಿನ ಕ್ಯಾನು. ನನ್ನ ಗಿರಾಕಿಗಳು ಕೇಳುವುದು ಇವನ್ನೇ. ರೈತನ ಚಿತ್ರ ಕೇಳಿದರೆ ಅಗಲ ಟೋಪಿ, ಹೆಗಲಪಟ್ಟಿಯ ಪ್ಯಾಂಟು ತೊಟ್ಟವನೊಬ್ಬ ಕೈಯಲ್ಲಿ ಕವೆಗೋಲು ಹಿಡಿದು ಬರುತ್ತಾನೆ. ಮಂಡ್ಯದ ಕಬ್ಬು ಬೆಳೆಗಾರನಿಗೆ ಆ ಚಿತ್ರ ತೋರಿಸಿ ಇದು ನೀನೇ ಎಂದು ಹೇಗೆ ಹೇಳಲಿ?

ರೂಪಾಯಿ ನನ್ನ ಎರಡನೆಯ ಪರೀಕ್ಷೆ. ಉದಯ ಕುಮಾರ್ ಅವರು ರೂಪಿಸಿದ ಚಿಹ್ನೆಯನ್ನು ಭಾರತ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್ 6.0 ಅದಕ್ಕೊಂದು ಸಂಕೇತ ಕೊಟ್ಟಿತು. ಹಳೆಯ ರೂಪಾಯಿ ಸಂಕೇತ ಅದಕ್ಕೂ ಮೊದಲಿನಿಂದ ಬೇರೆಯಾಗಿಯೇ ಇದೆ. ನೇಪಾಳ, ಪಾಕಿಸ್ತಾನ, ಶ್ರೀಲಂಕಾಗಳಲ್ಲೂ ಹಣದ ಹೆಸರು ರೂಪಾಯಿಯೇ ಆದ್ದರಿಂದ ಹುಡುಕಿದಾಗ ಎರಡೂ ಬಂದರೆ ತಪ್ಪಿಲ್ಲ. ಆದರೆ ಯಾವುದು ಯಾವ ದೇಶದ್ದು ಎಂದು ಕೆಳಗೆ ಬರೆದಿರಬೇಕು. ಬರೆಯದ ತಾಣವನ್ನು ನಾನು ಎರಡನೇ ಸಲ ನಂಬುವುದಿಲ್ಲ, ಏಕೆಂದರೆ ಅದರ ಟ್ಯಾಗ್‌ಗಳನ್ನು ಯಾರೂ ಓದಿ ನೋಡಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಡೀ ವಿಷಯದ ತಿರುಳಿರುವುದು ಟ್ಯಾಗ್‌ಗಳಲ್ಲೇ. ಚಿತ್ರ ಬಿಡಿಸಿದವರು ಅದಕ್ಕೆ ಅಂಟಿಸಿದ ಪದಗಳನ್ನೇ ನಿಮ್ಮ ಹುಡುಕುಯಂತ್ರ ನೋಡುವುದು. ಹಣತೆಯ ಚಿತ್ರ ಬಿಡಿಸಿದವರು 'ಕ್ಯಾಂಡಲ್' ಎಂದಷ್ಟೇ ಬರೆದಿದ್ದರೆ ಆ ಹಣತೆ ನನ್ನ ಪಾಲಿಗೆ ಇಲ್ಲ. ಚಿತ್ರ ಇದ್ದೂ ಸಿಗದಿರುವುದು ಚಿತ್ರವೇ ಇಲ್ಲದಿರುವುದಕ್ಕಿಂತ ಹೆಚ್ಚಿನ ನಷ್ಟ, ಯಾರದೋ ಶ್ರಮ ಅಲ್ಲಿ ಸುಮ್ಮನೆ ಬಿದ್ದಿದೆ. ಎಮೋಜಿಗಳ ಲೋಕ ಈ ವಿಷಯದಲ್ಲಿ ನಿಮಗಿಂತ ಮುಂದಿದೆ. ಹಣತೆ, ಸೀರೆ, ಆಟೋರಿಕ್ಷಾ, ಹಿಂದೂ ದೇವಾಲಯ ಈ ನಾಲ್ಕೂ 2019ರಲ್ಲಿ ಯೂನಿಕೋಡ್ 12ರ ಜೊತೆ ಬಂದವು. ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಎಂಬ ದತ್ತಾಂಶ ಸಂಗ್ರಹದಲ್ಲಿ ಎಮೋಜಿಗಳಿಗೆ ಕನ್ನಡದ ಹೆಸರುಗಳೂ ಹುಡುಕುಪದಗಳೂ ಇವೆ. ಆ ಕಡತವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಸಂಗ್ರಹದ ಸಾಮಾನ್ಯ ಚಿತ್ರಗಳನ್ನು ಅದರ ಜೊತೆ ಹೊಂದಿಸಿದರೆ ಕನ್ನಡದಲ್ಲಿ 'ದೀಪ' ಎಂದು ಟೈಪ್ ಮಾಡಿದವರಿಗೂ ದೀಪ ಸಿಗುತ್ತದೆ. ನುರಿತ ಪ್ರೋಗ್ರಾಮರ್ ಒಬ್ಬರಿಗೆ ಇದು ದೊಡ್ಡ ಕೆಲಸವೇ ಅಲ್ಲ. ಇಷ್ಟಾಗಿಯೂ ಕನ್ನಡ ಲಿಪಿಯ ಹುಡುಕಾಟಕ್ಕೆ ಖಾಲಿ ಪುಟ ತೋರಿಸುವುದನ್ನು ನಾನು ಒಪ್ಪಲಾರೆ.

ಚಿತ್ರದ ಮೂಲಕ ಜನರ ಜೊತೆ ಮಾತಾಡುವುದು ನಮಗೆ ಹೊಸದಲ್ಲ. 1951–52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸಿನಲ್ಲಿತ್ತು. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಮತಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಜೋಡೆತ್ತು, ಗುಡಿಸಲು, ಆಲದ ಮರ, ದೀಪ, ತೆನೆ ಮತ್ತು ಕುಡುಗೋಲು. ಅಕ್ಷರ ಬಾರದ ಅಜ್ಜಿಯೂ ಅವನ್ನು ಗುರುತಿಸಿದಳು, ಏಕೆಂದರೆ ಅವು ಅವಳ ಹಿತ್ತಿಲಲ್ಲೂ ಹೊಲದಲ್ಲೂ ಇದ್ದ ವಸ್ತುಗಳು. ಇಂದಿಗೂ ಪಕ್ಷೇತರರಿಗೆ ಸಿಗುವ ಚಿಹ್ನೆಗಳಲ್ಲಿ ಪ್ರೆಷರ್ ಕುಕ್ಕರ್, ಹೊಲಿಗೆ ಯಂತ್ರ, ಆಟೋ ಇವೆ. ನೋಡುವವರ ಕಣ್ಣಿಗೆ ಪರಿಚಿತವಾದುದನ್ನೇ ಆರಿಸಬೇಕು ಎಂಬ ಅಳತೆಗೋಲು ಅದು. ನಿಮ್ಮ ಫಲಿತಾಂಶಗಳ ಸಾಲಿಗೂ ನಾನು ಹಿಡಿಯುವುದು ಅದನ್ನೇ.

ಇನ್ನು ಪರವಾನಗಿ. ಫಾಂಟ್ ಆಸಮ್‌ನ ಉಚಿತ ಐಕಾನ್‌ಗಳಿಗೆ ಕ್ರಿಯೇಟಿವ್ ಕಾಮನ್ಸ್ ಬೈ 4.0 ಅನ್ವಯಿಸುತ್ತದೆ, ಬಿಡಿಸಿದವರ ಹೆಸರು ಉಳಿಸಲೇಬೇಕು. ಆದರೆ ಫಾಂಟ್ ಆಸಮ್‌ನವರು ಆ ಹೆಸರನ್ನು ಕಡತದೊಳಗೇ ಟಿಪ್ಪಣಿಯಾಗಿ ಇಟ್ಟು ಕೊಡುತ್ತಾರೆ, ನನ್ನಂಥವರು ಪರದಾಡಬೇಕಿಲ್ಲ. ಗೂಗಲ್‌ನ ಮೆಟೀರಿಯಲ್ ಐಕಾನ್‌ಗಳಿಗೆ ಅಪಾಚೆ 2.0, ಫೆದರ್‌ಗೆ ಎಂಐಟಿ. ಸಿಂಪಲ್ ಐಕಾನ್ಸ್ ಸಂಗ್ರಹದಲ್ಲಿ ಕಂಪನಿಗಳ ಲಾಂಛನಗಳಿವೆ. ಚಿತ್ರದ ಕಡತ ಮುಕ್ತವಾಗಿದ್ದರೂ ಲಾಂಛನದ ಟ್ರೇಡ್‌ಮಾರ್ಕ್ ಕಂಪನಿಯದೇ. ಇಷ್ಟು ಭಿನ್ನವಾದ ಷರತ್ತುಗಳನ್ನೆಲ್ಲ ಒಂದೇ 'ಉಚಿತ' ಎಂಬ ಹಸಿರು ಪಟ್ಟಿಯಡಿ ತೋರಿಸುವ ತಾಣಗಳಿವೆ. ಡೌನ್‌ಲೋಡ್ ಒತ್ತಿದ ಮೇಲೆ, ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, ಹೆಸರು ಹಾಕದಿದ್ದರೆ ಹಣ ಕಟ್ಟಬೇಕು ಎಂದು ತಿಳಿಯುತ್ತದೆ. ಕಾನೂನು ಸಲಹೆಗಾರರನ್ನು ಇಟ್ಟುಕೊಂಡ ದೊಡ್ಡ ಕಂಪನಿಗೆ ಇದರಿಂದ ತೊಂದರೆಯಿಲ್ಲ. ಹಾಲಿನ ಸಂಘದ ಕಾರ್ಯದರ್ಶಿಗೆ ತೊಂದರೆ. ಷರತ್ತು ಪ್ರತಿ ಚಿತ್ರದ ಪಕ್ಕದಲ್ಲೇ, ಒತ್ತುವ ಮೊದಲೇ ಕಾಣಬೇಕು. ಹಣ ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ, ಬಿಡಿಸಿದವರಿಗೆ ಕೂಲಿ ಸಿಗಲೇಬೇಕು. ಬೆಲೆಯನ್ನು ಮೊದಲೇ ಹೇಳಿ.

ಗಾತ್ರದ ಮಾತು ಚುಟುಕಾಗಿ. ಬ್ರೌಸರ್ ಟ್ಯಾಬಿನ ಮೇಲೆ ಕೂರುವ ಫೆವಿಕಾನ್ 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದದ್ದು, ಅಗಲ ಎತ್ತರ ಹದಿನಾರು ಪಿಕ್ಸೆಲ್. ಮೊದಲ ಮ್ಯಾಕಿಂತೋಷ್‌ಗೆ ಸೂಸನ್ ಕೇರ್ ಬಿಡಿಸಿದ ಐಕಾನ್‌ಗಳು 32ರ ಚೌಕದೊಳಗಿನವು, ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಮಾಡಿದವು. ಆಕೆಯ ಶಿಸ್ತು ಈಗಲೂ ಬೇಕು. ನಿಮ್ಮ ಪುಟದಲ್ಲಿ ದೊಡ್ಡದಾಗಿ ಮಿನುಗುವ ಚಿತ್ರವನ್ನು ಹದಿನಾರಕ್ಕೆ ಇಳಿಸಿದರೆ ಗೆರೆಗಳೆಲ್ಲ ಕಲಸಿಹೋಗುತ್ತವೆ. ಫಲಿತಾಂಶದಲ್ಲೇ ಸಣ್ಣ ಗಾತ್ರದ ನೋಟವನ್ನೂ ಕೊಡಿ. ಒಂದೇ ಕೈಯ, ಒಂದೇ ದಪ್ಪದ ಗೆರೆಯ ಬೇರೆ ಚಿತ್ರಗಳನ್ನೂ ಪಕ್ಕದಲ್ಲಿ ತೋರಿಸಿ, ಇಲ್ಲದಿದ್ದರೆ ಒಂದು ಪುಟದ ಆರು ಐಕಾನ್‌ಗಳು ಆರು ಮನೆಯವರಂತೆ ನಿಲ್ಲುತ್ತವೆ. ಪಿಎನ್‌ಜಿ ಉಚಿತ, ಎಸ್‌ವಿಜಿಗೆ ದುಡ್ಡು ಎಂಬ ಏರ್ಪಾಡಿದ್ದರೆ ಅದನ್ನೂ ಮೊದಲೇ ತಿಳಿಸಿ.

ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಮೂಲಕ ನಮ್ಮ ಪುಟ ಕೇಳಿಸಿಕೊಳ್ಳುತ್ತಾರೆ. ಐಕಾನ್ ಒಂದೇ ಇರುವ ಗುಂಡಿಗೆ ಹೆಸರಿಲ್ಲದಿದ್ದರೆ ಅವರಿಗೆ ಅದು ಬರೀ 'ಬಟನ್'. ನೀವು ಕೊಡುವ ಕೋಡಿನ ತುಣುಕಿನಲ್ಲಿ ಹೆಸರಿಗೊಂದು ಜಾಗ ಬಿಟ್ಟಿದ್ದರೆ, ನನ್ನಂಥವರು ಮರೆಯದೆ ಕನ್ನಡದ ಹೆಸರು ತುಂಬುತ್ತೇವೆ.

ನನ್ನ ಕೋರಿಕೆ ಇಷ್ಟು. ಸಿಎಲ್‌ಡಿಆರ್‌ನ ಕನ್ನಡ ಪದಗಳನ್ನು ಈ ವರ್ಷವೇ ಸೇರಿಸಿ. ಟ್ಯಾಗ್ ತಿದ್ದುವ ಅವಕಾಶವನ್ನು ಬಳಕೆದಾರರಿಗೂ ತೆರೆಯಿರಿ. ನಮ್ಮ ಕಲಾಶಾಲೆಗಳಿಂದ ಹೊರಬರುತ್ತಿರುವ ಹುಡುಗ ಹುಡುಗಿಯರಿಗೆ ಅಂಗನವಾಡಿ, ಕೊಳವೆಬಾವಿ, ನ್ಯಾಯಬೆಲೆ ಅಂಗಡಿ ಬಿಡಿಸುವ ಕೆಲಸ ಕೊಡಿ, ತಕ್ಕ ಸಂಭಾವನೆಯನ್ನೂ ಕೊಡಿ. ಕೃಷಿ, ಶಾಲೆ, ಆರೋಗ್ಯ, ಪಂಚಾಯಿತಿ ಈ ನಾಲ್ಕು ವಿಭಾಗಗಳಿಗೆ ಬೇಕಾದ ಕನ್ನಡ ಹುಡುಕುಪದಗಳ ಪಟ್ಟಿಯನ್ನು ನಾನೇ ಮಾಡಿಕೊಡುತ್ತೇನೆ, ಅದಕ್ಕೆ ಹಣ ಬೇಡ. ಪಟ್ಟಿಯನ್ನು ಮುಕ್ತ ಪರವಾನಗಿಯಲ್ಲಿ ಇಡುವುದಾಗಿ ನೀವು ಒಪ್ಪಿದರೆ ಸಾಕು. ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕನ್ನಡದಲ್ಲಿ ವೆಬ್‌ಸೈಟ್ ಕಟ್ಟುವವರಲ್ಲೊಬ್ಬ